ಮೆಡಿಕಲ್ ಬೋರ್ಡಿನ ಪರ್ಸೆಂಟೇಜು ಕೊನೆಯ ಮಾತಲ್ಲ

ಮಾನ್ಯ ಸಂಪಾದಕರೇ,

ಭೋಸರಿ, ಚಾಕಣ, ಪಿಂಪ್ರಿ-ಚಿಂಚವಡದ ಪ್ರೆಸ್ ಶಾಪುಗಳಲ್ಲಿ ಕಲಬುರಗಿ, ವಿಜಯಪುರ, ಬೀದರ್ ಕಡೆಯ ನಮ್ಮ ಹುಡುಗರು ಬಹಳ ಮಂದಿ ದುಡಿಯುತ್ತಾರೆ. ತಗಡು ಒತ್ತಿ ಕತ್ತರಿಸುವ ಪವರ್ ಪ್ರೆಸ್ಸಿನಲ್ಲಿ ಬೆರಳು ಹೋದ ಮೇಲೆ ಅವರ ಕೈಗೆ ಬರುವುದು ಇಎಸ್‌ಐ (ನೌಕರರ ರಾಜ್ಯ ವಿಮೆ) ಮೆಡಿಕಲ್ ಬೋರ್ಡಿನ ಒಂದು ಹಾಳೆ. ಅದರಲ್ಲಿ ಸಂಪಾದನೆಯ ಶಕ್ತಿ ಎಷ್ಟು ಹೋಯಿತು ಎಂಬ ಒಂದು ಅಂಕಿ: 7 ಪರ್ಸೆಂಟು, 11 ಪರ್ಸೆಂಟು, 18 ಪರ್ಸೆಂಟು. ಅದನ್ನೇ ಹಣೆಬರಹವೆಂದು ಒಪ್ಪಿಕೊಂಡು ಸುಮ್ಮನಾಗುವವರು ಹಲವರು. ಯಾರೋ ಹೇಳಿದರೆಂದು ನೇರವಾಗಿ ಹೈಕೋರ್ಟಿಗೆ ರಿಟ್ ಹಾಕಿ ಎರಡು ವರ್ಷ ಕಳೆದು ಬರಿಗೈಯಲ್ಲಿ ಮರಳುವವರು ಕೆಲವರು. ಈ ಎರಡರ ನಡುವೆ ಕಾನೂನು ಒಂದು ಸರಿಯಾದ ದಾರಿ ಇಟ್ಟಿದೆ. ಅದರ ಮೆಟ್ಟಿಲುಗಳು ಕಾರ್ಮಿಕರಿಗೂ ಅವರ ಮನೆಯವರಿಗೂ ತಿಳಿದಿರಲಿ ಎಂದು ಈ ಪತ್ರ.

ಮೊದಲು ಆ ಅಂಕಿಗೆ ಎಷ್ಟು ಬೆಲೆ ಎಂಬುದನ್ನು ನೋಡೋಣ. ಇಎಸ್‌ಐನಲ್ಲಿ ಅಂಗವೈಕಲ್ಯ ಭತ್ಯೆಯ ಪೂರ್ತಿ ದರ ಸರಾಸರಿ ದಿನಗೂಲಿಯ ಶೇ. 90. ಶಾಶ್ವತ ನಷ್ಟಕ್ಕೆ ಆ ದರದಲ್ಲಿ ಬೋರ್ಡು ಹೇಳಿದ ಪರ್ಸೆಂಟು ಸಿಗುತ್ತದೆ, ಅದೂ ಜೀವಮಾನವಿಡೀ. ದಿನಕ್ಕೆ 600 ರೂಪಾಯಿ ಸರಾಸರಿ ಕೂಲಿ ಇದ್ದವನಿಗೆ ಪೂರ್ತಿ ದರ 540. ತೋರುಬೆರಳಿನ ಎರಡು ಗೆಣ್ಣು ಹೋಗಿ ಬೋರ್ಡು 11 ಪರ್ಸೆಂಟು ಬರೆದರೆ ದಿನಕ್ಕೆ 59 ರೂಪಾಯಿ 40 ಪೈಸೆ. ಅದೇ ಕೈಯ ಹಿಡಿತ ಪೂರ್ತಿ ಕೆಟ್ಟಿದೆ ಎಂದು ಸಾಬೀತಾಗಿ 25 ಪರ್ಸೆಂಟು ಆದರೆ ದಿನಕ್ಕೆ 135. ವ್ಯತ್ಯಾಸ ದಿನಕ್ಕೆ 75 ರೂಪಾಯಿ 60 ಪೈಸೆ, ವರ್ಷಕ್ಕೆ 27,594 ರೂಪಾಯಿ. ಇಪ್ಪತ್ತೈದರ ಹುಡುಗ ಮುಂದೆ 30 ವರ್ಷ ಬದುಕಿದರೂ ಇದು ಎಂಟು ಲಕ್ಷ ದಾಟುತ್ತದೆ. ಬೋರ್ಡಿನ ಮುಂದೆ ಕಳೆಯುವ ಹತ್ತು ನಿಮಿಷದಲ್ಲಿ ಇಷ್ಟು ದುಡ್ಡಿನ ತೀರ್ಮಾನ ಆಗಿಹೋಗುತ್ತದೆ.

ಈ ಅಂಕಿಗಳು ಬರುವುದು ಇಎಸ್‌ಐ ಕಾಯ್ದೆಯ ಎರಡನೇ ಅನುಸೂಚಿಯಿಂದ. ಹೆಬ್ಬೆರಳು ಪೂರ್ತಿ ಹೋದರೆ 30, ಅದರ ತುದಿಗೆಣ್ಣಿಗೆ 20. ತೋರುಬೆರಳು ಪೂರ್ತಿಗೆ 14, ಎರಡು ಗೆಣ್ಣಿಗೆ 11, ಒಂದು ಗೆಣ್ಣಿಗೆ 9. ನಡುಬೆರಳಿಗೆ ಇದೇ ಕ್ರಮದಲ್ಲಿ 12, 9, 7. ಉಂಗುರ ಬೆರಳು ಅಥವಾ ಕಿರುಬೆರಳು ಪೂರ್ತಿಗೆ 7. ಒಂದೇ ಕೈಯ ನಾಲ್ಕು ಬೆರಳು ಹೋದರೆ 50. 1923ರ ಕಾರ್ಮಿಕ ಪರಿಹಾರ ಕಾಯ್ದೆಯ ಮೊದಲನೇ ಅನುಸೂಚಿಯಲ್ಲೂ ಇದೇ ಲೆಕ್ಕ. ಪಟ್ಟಿಯ ಕೊನೆಯಲ್ಲಿ ಒಂದು ಸಾಲಿನ ಟಿಪ್ಪಣಿ ಇದೆ, ಅದನ್ನು ಬಹಳ ಮಂದಿ ಓದುವುದೇ ಇಲ್ಲ: ಅಂಗದ ಬಳಕೆ ಪೂರ್ತಿಯಾಗಿ, ಶಾಶ್ವತವಾಗಿ ಹೋಗಿದ್ದರೆ ಆ ಅಂಗವೇ ಹೋದಂತೆ ಲೆಕ್ಕ ಹಾಕಬೇಕು. ಬೆರಳು ಕಣ್ಣಿಗೆ ಕಾಣುತ್ತಿದ್ದರೂ ಮಡಚಲು ಬಾರದೆ ಕಟ್ಟಿಗೆಯ ಹಾಗೆ ನೆಟ್ಟಗೆ ನಿಂತಿದ್ದರೆ ಈ ಸಾಲೇ ಆಧಾರ.

ಪಟ್ಟಿಯಲ್ಲಿದ್ದುದಷ್ಟೇ ಕೊನೆಯೂ ಅಲ್ಲ. 1975ರಲ್ಲಿ ತೀರ್ಮಾನವಾದ ಪ್ರತಾಪ್ ನಾರಾಯಣ್ ಸಿಂಗ್ ದೇವ್ ಪ್ರಕರಣದಲ್ಲಿ ಬಡಗಿಯೊಬ್ಬರ ಎಡಗೈ ಮೊಣಕೈಯಿಂದ ಮೇಲೆ ತುಂಡಾಗಿತ್ತು. ಪಟ್ಟಿ ನೋಡಿದರೆ ಅದು ಭಾಗಶಃ ನಷ್ಟ. ಒಂದೇ ಕೈಯಲ್ಲಿ ಬಡಗಿ ಕೆಲಸ ಆಗದು, ಹಾಗಾಗಿ ನಷ್ಟ ನೂರಕ್ಕೆ ನೂರು ಎಂಬ ಕಾರ್ಮಿಕ ಪರಿಹಾರ ಕಮಿಷನರರ ತೀರ್ಮಾನವನ್ನೇ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಅಂದರೆ ಎಷ್ಟು ಅಂಗ ಹೋಯಿತು ಎಂದು ಕೇಳಿದರೆ ಸಾಲದು, ಅಪಘಾತದ ಹೊತ್ತಿಗೆ ಇವನು ಮಾಡಬಲ್ಲವನಾಗಿದ್ದ ಕೆಲಸಗಳಲ್ಲಿ ಸಂಪಾದನೆಯ ಶಕ್ತಿ ಎಷ್ಟು ಕುಗ್ಗಿತು ಎಂದು ಕೇಳಬೇಕು. ಇಎಸ್‌ಐ ಕಾಯ್ದೆಯಲ್ಲಿ ಶಾಶ್ವತ ಭಾಗಶಃ ವೈಕಲ್ಯದ ವ್ಯಾಖ್ಯೆಯೂ ಇದೇ ಮಾತನ್ನು ಹೇಳುತ್ತದೆ. ಮೋಟಾರು ಅಪಘಾತದ ಪ್ರಕರಣವೊಂದರಲ್ಲಿ, 2010ರ ರಾಜ್ ಕುಮಾರ್ ತೀರ್ಪಿನಲ್ಲಿ, ದೇಹದ ವೈಕಲ್ಯ ಬೇರೆ, ಸಂಪಾದನೆಯ ನಷ್ಟ ಬೇರೆ ಎಂದು ಸುಪ್ರೀಂ ಕೋರ್ಟು ಬಿಡಿಸಿ ಹೇಳಿದೆ. ಸರ್ಕಾರಿ ಆಸ್ಪತ್ರೆಯ ಅಂಗವಿಕಲ ಪ್ರಮಾಣಪತ್ರದಲ್ಲಿ 40 ಪರ್ಸೆಂಟು ಇದೆ, ಬೋರ್ಡು 14 ಕೊಟ್ಟಿದೆ ಎಂದು ಜಗಳವಾಡುವವರು ಇದನ್ನು ಗಮನಿಸಬೇಕು. ಆ ಪ್ರಮಾಣಪತ್ರ ದೇಹವನ್ನು ಅಳೆಯುತ್ತದೆ. ಅದೊಂದನ್ನೇ ನಂಬಿ ಹೋದರೆ ಅಪೀಲು ನಿಲ್ಲುವುದಿಲ್ಲ.

ಹೆಚ್ಚಿನ ಪ್ರಕರಣಗಳು ಸೋಲುವುದು ಕೋರ್ಟಿನಲ್ಲಲ್ಲ, ಬೋರ್ಡಿನ ಬಾಗಿಲಲ್ಲೇ. ಗುತ್ತಿಗೆದಾರನ ಕಾಗದದಲ್ಲಿ ‘ಹೆಲ್ಪರ್’ ಎಂದಿರುತ್ತದೆ, ಹುಡುಗ ನಿಜವಾಗಿ ಓಡಿಸುತ್ತಿದ್ದುದು 100 ಟನ್ನಿನ ಪ್ರೆಸ್ಸು. ಹೆಲ್ಪರನಿಗೆ ಎರಡು ಗೆಣ್ಣು ಹೋದರೆ ದೊಡ್ಡ ನಷ್ಟವೇನೂ ಅಲ್ಲ ಎಂದು ವೈದ್ಯರಿಗೆ ತೋರುವುದು ಸಹಜ. ಆದ್ದರಿಂದ ಬೋರ್ಡಿಗೆ ಹೋಗುವ ಮುಂಚೆ ಐಟಿಐ ಟ್ರೇಡ್ ಪ್ರಮಾಣಪತ್ರ, ಜಾಬ್ ಕಾರ್ಡು, ಶಿಫ್ಟ್ ರಿಜಿಸ್ಟರಿನಲ್ಲಿ ಮಶೀನಿನ ಎದುರು ಅವನ ಹೆಸರಿರುವ ಪುಟದ ನಕಲು ಕೈಯಲ್ಲಿರಬೇಕು. ಜೊತೆಗೆ ಫಾರಂ 11ರ ಅಪಘಾತ ಪುಸ್ತಕದ ನಮೂದು, ಮಾಲೀಕರು ಕಳಿಸಿದ ಫಾರಂ 12ರ ಅಪಘಾತ ವರದಿ, ಆಪರೇಷನ್ ನೋಟ್ಸು, ಅಪಘಾತದ ದಿನದ ಎಕ್ಸ್‌ರೇ ಮತ್ತು ಈಗಿನ ಎಕ್ಸ್‌ರೇ.

ಇವೆಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದು ಚಿಕಿತ್ಸೆ ಮಾಡಿದ ಕೈ ಸರ್ಜನ್ ಅಥವಾ ಫಿಸಿಯೋಥೆರಪಿಸ್ಟ್ ಬರೆದ ಅಳತೆ. ಡೈನಮೋಮೀಟರಿನಲ್ಲಿ ಹಿಡಿತ ಎರಡೂ ಕೈಗಳಲ್ಲಿ ಎಷ್ಟು ಕಿಲೋ, ಗೋನಿಯೋಮೀಟರಿನಲ್ಲಿ ಪ್ರತಿ ಗೆಣ್ಣು ಎಷ್ಟು ಡಿಗ್ರಿ ಮಡಚುತ್ತದೆ, ಉಳಿದ ಮೊಂಡಿನ ತುದಿಯಲ್ಲಿ ಸ್ಪರ್ಶ ಇದೆಯೇ, ಮುಟ್ಟಿದರೆ ಷಾಕ್ ಹೊಡೆದಂತಾಗುವ ನರದ ಗಂಟು ಇದೆಯೇ, ಬಲಗೈ ರೂಢಿಯವನೇ ಎಡಗೈ ರೂಢಿಯವನೇ. ಬಲಗೈಯವನ ಬಲಗೈ ತೋರುಬೆರಳು ಹೋಗುವುದಕ್ಕೂ ಎಡಗೈಯದು ಹೋಗುವುದಕ್ಕೂ ಅಂತರ ಇದೆ. ಪಟ್ಟಿಯಲ್ಲಿ ಅದು ಇಲ್ಲ, ನಾವೇ ಹೇಳಬೇಕು.

ಭಾಷೆಯ ತೊಡಕೂ ಇದೆ. ಬೋರ್ಡಿನಲ್ಲಿ ಮಾತು ಮರಾಠಿ ಅಥವಾ ಹಿಂದಿಯಲ್ಲಿ. ಅಫಜಲಪುರದ ಹುಡುಗ ‘ದರ್ದ್ ಹೈ ಸಾಬ್’ ಎಂದಷ್ಟು ಹೇಳಿ ಹೊರಗೆ ಬರುತ್ತಾನೆ. ನೋವು ಇದೆ ಎಂಬ ಮಾತಿನಿಂದ ಸಂಪಾದನೆಯ ನಷ್ಟ ತಿಳಿಯುವುದಿಲ್ಲ. ಎರಡು ಕಿಲೋ ಬ್ಲಾಂಕನ್ನು (ಕತ್ತರಿಸಿದ ತಗಡನ್ನು) ಡೈ (ಅಚ್ಚು) ಮೇಲೆ ಇಡುವಾಗ ಜಾರುತ್ತದೆ, ಅಳತೆಯ ವರ್ನಿಯರ್ ತೆರೆಯಲು ಹೆಬ್ಬೆರಳಿಗೆ ಎದುರು ಬೆರಳಿಲ್ಲ, ಎಂ-8 ಬೋಲ್ಟಿನ ನಟ್ಟು ಕೈಯಲ್ಲಿ ತಿರುಗಿಸಲು ಆಗುವುದಿಲ್ಲ, ಎರಡು ಪಾಮ್ ಬಟನ್ನು ಒಟ್ಟಿಗೆ ಒತ್ತಿ ಎಂಟು ತಾಸು ನಿಲ್ಲಲಾಗದು: ಹೀಗೆ ಕೆಲಸದ ಹೆಸರು ಹಿಡಿದು ಅರ್ಧ ಪುಟ ಬರೆಸಿ, ಒಂದು ಪ್ರತಿ ಬೋರ್ಡಿಗೆ ಕೊಟ್ಟು, ಇನ್ನೊಂದರ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಮುಂದೆ ಕೋರ್ಟಿನಲ್ಲಿ ‘ಇದನ್ನು ಬೋರ್ಡಿನ ಮುಂದೆ ಹೇಳಿರಲಿಲ್ಲ’ ಎಂಬ ವಾದಕ್ಕೆ ಉತ್ತರ ಆ ಮೊಹರೇ.

ಮಶೀನಿನ ರಕ್ಷಣೆಯ ಗಾರ್ಡ್ ತೆಗೆದು ಕೆಲಸ ಮಾಡಿದ, ತಪ್ಪು ಅವನದೇ ಎಂದು ಸೂಪರ್‌ವೈಸರ್ ಹೆದರಿಸುವುದುಂಟು. ಹೆದರಬೇಕಿಲ್ಲ. ನಿಯಮ ಮೀರಿದ್ದರೂ ಮಾಲೀಕರ ಕೆಲಸಕ್ಕಾಗಿಯೇ ಮಾಡುತ್ತಿದ್ದರೆ ಅದು ಉದ್ಯೋಗದ ಗಾಯವೇ ಎಂದು ಇಎಸ್‌ಐ ಕಾಯ್ದೆಯ 51ಬಿ ಕಲಂ ಹೇಳುತ್ತದೆ. ಕೆಲಸಕ್ಕೆ ಮರಳಿದರೆ ಭತ್ಯೆ ನಿಲ್ಲುತ್ತದೆ ಎಂಬುದೂ ಸುಳ್ಳು. ಶಾಶ್ವತ ವೈಕಲ್ಯದ ಭತ್ಯೆ ಸಂಬಳದ ಜೊತೆಗೇ ಬರುತ್ತದೆ.

ಈಗ ಅಪೀಲಿನ ವಿಷಯ. ಬೋರ್ಡಿನ ತೀರ್ಮಾನ ಒಪ್ಪಿಗೆಯಾಗದಿದ್ದರೆ 54ಎ ಕಲಮಿನಲ್ಲಿ ಎರಡು ಬಾಗಿಲು ಇವೆ. ಒಂದು, ಮೆಡಿಕಲ್ ಅಪೀಲ್ ಟ್ರಿಬ್ಯೂನಲ್, ಅಲ್ಲಿಂದ ಮುಂದೆ ನೌಕರರ ವಿಮಾ ನ್ಯಾಯಾಲಯ. ಇನ್ನೊಂದು, ನೇರವಾಗಿ ವಿಮಾ ನ್ಯಾಯಾಲಯ. ತೀರ್ಮಾನ ಕೈಸೇರಿದ ದಿನದಿಂದ ಮೂರು ತಿಂಗಳೊಳಗೆ ಅಪೀಲು ಹೋಗಬೇಕು, ಆದ್ದರಿಂದ ಲಕೋಟೆಯನ್ನು ಎಸೆಯಬೇಡಿ, ಕೈಸೇರಿದ ದಿನ ತೋರಿಸಲು ಅಂಚೆಯ ಮೊಹರು ಬೇಕಾಗುತ್ತದೆ. ಕೈ ಮುರಿದವನಿಗೆ ಎರಡನೇ ಬಾಗಿಲೇ ಮೇಲು ಎಂಬುದು ನಮ್ಮ ಖಚಿತ ಅಭಿಪ್ರಾಯ. ಕಾರಣ 75ನೇ ಕಲಮಿನ 2ಎ ಉಪಕಲಂ. ಬೇರೆ ದಾವೆಯ ನಡುವೆ ವೈಕಲ್ಯದ ಪ್ರಶ್ನೆ ಎದ್ದರೆ ನ್ಯಾಯಾಲಯ ಅದನ್ನು ಬೋರ್ಡಿಗೇ ಕಳಿಸಬೇಕು, 54ಎ ಅಪೀಲಾಗಿ ಬಂದರೆ ಮಾತ್ರ ಎಲ್ಲ ಪ್ರಶ್ನೆಗಳನ್ನೂ ತಾನೇ ತೀರ್ಮಾನಿಸಬಹುದು. ಅಂದರೆ ಪರ್ಸೆಂಟೇಜನ್ನು ಪುರಾವೆ ನೋಡಿ ಬದಲಿಸುವ ಅಧಿಕಾರ ಅದಕ್ಕಿದೆ. ಇಷ್ಟು ಅಗಲವಾದ ಅಧಿಕಾರ ಮುಂದೆ ಯಾವ ಮೆಟ್ಟಿಲಲ್ಲೂ ಸಿಗುವುದಿಲ್ಲ. ದಾವೆಯ ಅರ್ಜಿಯಲ್ಲಿ 54ಎ ಎಂದು ಸ್ಪಷ್ಟವಾಗಿ ಬರೆಯದೆ ಬರೀ 75 ಎಂದು ಬರೆದ ಕಾರಣಕ್ಕೆ ಪ್ರಕರಣ ಮತ್ತೆ ಬೋರ್ಡಿಗೆ ಹೋಗಿ ವರ್ಷ ಕಳೆಯುವ ಅಪಾಯ ಇದೆ. ವಕೀಲರೇ ಬೇಕೆಂದಿಲ್ಲ, ಲಿಖಿತ ಅಧಿಕಾರ ಕೊಟ್ಟರೆ ನೋಂದಾಯಿತ ಕಾರ್ಮಿಕ ಸಂಘದ ಪದಾಧಿಕಾರಿಯೂ ಹಾಜರಾಗಬಹುದು.

ಒಂದು ಎಚ್ಚರ. ದಿನದ ದರ ತೀರ ಸಣ್ಣದಾಗಿದ್ದರೆ ಅದನ್ನು ಒಂದೇ ಗಂಟಾಗಿ ಪಡೆಯುವ ಅವಕಾಶ ಇದೆ, ಕಮ್ಯುಟೇಶನ್ ಎನ್ನುತ್ತಾರೆ. ಊರಿಗೆ ಹೋಗುವ ಆತುರದಲ್ಲಿ ಸಹಿ ಹಾಕಿ ದುಡ್ಡು ತೆಗೆದುಕೊಂಡರೆ ಅಪೀಲಿನ ಹಕ್ಕು ಅಲ್ಲಿಗೆ ಮುಗಿಯಿತು, 54ಎ ಅದನ್ನು ನೇರವಾಗಿ ಹೇಳಿದೆ. ಅಪೀಲು ಮಾಡುವುದೋ ಬೇಡವೋ ಎಂದು ನಿಶ್ಚಯವಾಗುವ ತನಕ ಆ ಫಾರಮ್ಮಿಗೆ ಸಹಿ ಬೇಡ.

ಅಪೀಲಿನಲ್ಲಿ ಡಾಕ್ಟರನ್ನು ಸಾಕ್ಷಿಕಟ್ಟೆಗೆ ತರದಿದ್ದರೆ ಗೆಲುವು ಕಷ್ಟ. ಪ್ರಮಾಣಪತ್ರ ಫೈಲಿಗೆ ಸೇರಿಸಿದರೆ ಅದು ಪುರಾವೆಯಾಯಿತು ಎಂದು ತಿಳಿಯುವುದು ದೊಡ್ಡ ತಪ್ಪು. ಬರೆದ ಡಾಕ್ಟರು ಬಂದು, ಇಂಥ ದಿನ ಪರೀಕ್ಷಿಸಿದೆ, ಇಂಥ ಅಳತೆ ಸಿಕ್ಕಿತು, ಈ ಕೆಲಸಕ್ಕೆ ಇಷ್ಟು ನಷ್ಟ ಎಂದು ಹೇಳಿ, ಎದುರು ವಕೀಲರ ಪಾಟೀಸವಾಲಿಗೆ ಉತ್ತರಿಸಬೇಕು. ಬಾರದಿದ್ದರೆ ಸಮನ್ಸ್ ಕೇಳಿ. ಬೋರ್ಡಿನ ವರದಿಯ ಪೂರ್ತಿ ಪ್ರತಿ ಸಿಗದಿದ್ದರೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಕೇಳಿ, 30 ದಿನದ ಗಡುವು ಇದೆ. ಅಪೀಲಿನ ಮೂರು ತಿಂಗಳು ಮೀರದಿರಲು ಈ ಅರ್ಜಿ ಮೊದಲ ವಾರದಲ್ಲೇ ಹೋಗಬೇಕು.

ಇನ್ನು ಹೈಕೋರ್ಟು. ವಿಮಾ ನ್ಯಾಯಾಲಯದ ತೀರ್ಪಿನ ಮೇಲೆ 82ನೇ ಕಲಮಿನಡಿ 60 ದಿನದೊಳಗೆ ಅಪೀಲು ಹೋಗಬಹುದು, ಆದರೆ ಗಣನೀಯ ಕಾನೂನು ಪ್ರಶ್ನೆ ಇದ್ದರೆ ಮಾತ್ರ. 11 ಕಡಿಮೆಯಾಯಿತು, 20 ಕೊಡಿ ಎಂಬುದು ಕಾನೂನು ಪ್ರಶ್ನೆಯಲ್ಲ. ಕಾರ್ಮಿಕನ ಕಸುಬನ್ನೇ ನೋಡದೆ ಪಟ್ಟಿಯ ಅಂಕಿ ನಕಲು ಮಾಡಿದರು, ವ್ಯಾಖ್ಯೆಯನ್ನು ತಪ್ಪಾಗಿ ಓದಿದರು, ಪುರಾವೆಯೇ ಇಲ್ಲದೆ ತೀರ್ಮಾನಿಸಿದರು, ಡಾಕ್ಟರ ಸಾಕ್ಷ್ಯವನ್ನು ಒಂದು ಮಾತೂ ಹೇಳದೆ ಬದಿಗಿಟ್ಟರು ಎಂಬುವು ಕಾನೂನು ಪ್ರಶ್ನೆಗಳು. 1923ರ ಕಾಯ್ದೆಯ 30ನೇ ಕಲಮಿಗೂ ಇದೇ ಮಿತಿ ಉಂಟು. ಕರ್ನಾಟಕದಿಂದಲೇ ಹೋದ ಗೊಲ್ಲ ರಾಜಣ್ಣ ಪ್ರಕರಣದಲ್ಲಿ ಹೈಕೋರ್ಟು ಪುರಾವೆಗಳನ್ನು ಮತ್ತೆ ತೂಗಿ ಕಮಿಷನರರ ತೀರ್ಮಾನ ಬದಲಿಸಿದಾಗ, ಸಂಗತಿಗಳ ಮಟ್ಟಿಗೆ ಕಮಿಷನರರ ಮಾತೇ ಕೊನೆಯದು ಎಂದು ಸುಪ್ರೀಂ ಕೋರ್ಟು ಆ ತೀರ್ಪನ್ನು ರದ್ದು ಮಾಡಿತು. ಹಾಗಾಗಿ ಸಂಗತಿಗಳೆಲ್ಲ ಕೆಳಗಿನ ಕೋರ್ಟಿನಲ್ಲೇ ದಾಖಲಾಗಿರಬೇಕು.

ರಿಟ್ ಅರ್ಜಿ ಇನ್ನೂ ಇಕ್ಕಟ್ಟಿನ ದಾರಿ. ಸಂವಿಧಾನದ 226, 227ನೇ ವಿಧಿಗಳಡಿ ಹೈಕೋರ್ಟು ಎಕ್ಸ್‌ರೇ ಹಿಡಿದು ಪರ್ಸೆಂಟು ಲೆಕ್ಕ ಹಾಕುವುದಿಲ್ಲ. ಅಧಿಕಾರ ಮೀರಿದ್ದು, ಸಹಜ ನ್ಯಾಯ ತಪ್ಪಿದ್ದು, ದಾಖಲೆಯ ಮೇಲೆಯೇ ಕಣ್ಣಿಗೆ ಹೊಡೆಯುವ ಕಾನೂನಿನ ತಪ್ಪು, ಇಷ್ಟನ್ನೇ ನೋಡುತ್ತದೆ ಎಂದು 1963ರ ಸೈಯದ್ ಯಾಕೂಬ್ ತೀರ್ಪಿನಿಂದ ನೆಲೆನಿಂತ ನಿಯಮ. ಅಪೀಲಿನ ದಾರಿ ಇರುವಾಗ ರಿಟ್ಟಿಗೆ ಬಂದರೆ ಮರಳಿ ಕಳಿಸುವುದೇ ರೂಢಿ. ಅಷ್ಟರಲ್ಲಿ ಮೂರು ತಿಂಗಳು ಮುಗಿದು, ವಿಳಂಬ ಮನ್ನಿಸಿ ಎಂದು ಬೇಡುವ ಪಾಡು.

ಇಎಸ್‌ಐ ವ್ಯಾಪ್ತಿಯಲ್ಲಿರುವವರು ಕಾರ್ಮಿಕ ಪರಿಹಾರ ಕಮಿಷನರರ ಮುಂದೆ ದಾವೆ ಹಾಕುವುದೂ ವ್ಯರ್ಥ. 53ನೇ ಕಲಂ ಅದನ್ನು ತಡೆಯುತ್ತದೆ, 1996ರಲ್ಲಿ ತ್ರೆಹಾನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟೂ ಇದನ್ನು ಸ್ಪಷ್ಟಪಡಿಸಿದೆ. ಮಾಲೀಕ ವಂತಿಗೆ ಕಟ್ಟಿಲ್ಲ ಎಂಬ ಕಾರಣಕ್ಕೂ ಅಲ್ಲಿಗೆ ಹೋಗಬೇಕಿಲ್ಲ. ಉದ್ಯೋಗದ ಗಾಯದ ಭತ್ಯೆಗೆ ಇಂತಿಷ್ಟು ದಿನ ವಂತಿಗೆ ಕಟ್ಟಿರಬೇಕೆಂಬ ಷರತ್ತು ಇಲ್ಲ, ಕೆಲಸಕ್ಕೆ ಸೇರಿದ ಮೊದಲ ದಿನವೇ ಗಾಯವಾದರೂ ಹಕ್ಕಿದೆ.

ಬೋರ್ಡು ಕೆಲ ಕಾಲಕ್ಕೆಂದು ತಾತ್ಕಾಲಿಕ ಅಂಕಿ ಕೊಟ್ಟಿದ್ದರೆ ಅಂಥವರ ಪಾಡು ಬೇರೆ. ಆ ಅವಧಿ ಮುಗಿಯುವುದರೊಳಗೆ ಮತ್ತೆ ಬೋರ್ಡಿಗೆ ಕಳಿಸುವುದು ಇಎಸ್‌ಐ ನಿಗಮದ ಹೊಣೆ. ಆದರೆ ಪತ್ರ ಭೋಸರಿಯ ಹಳೇ ಖೋಲಿಗೆ ಬರುತ್ತದೆ, ಹುಡುಗ ಇಂಡಿಯಲ್ಲೋ ಆಳಂದದಲ್ಲೋ ಇರುತ್ತಾನೆ, ಭತ್ಯೆ ನಿಲ್ಲುತ್ತದೆ. ವಿಳಾಸ ಬದಲಾದರೆ ಶಾಖಾ ಕಚೇರಿಗೆ ಬರೆದು ತಿಳಿಸಿ, ಪ್ರತಿ ಇಟ್ಟುಕೊಳ್ಳಿ. ಮೊಂಡಿನ ಗಾಯ ಮುಂದೆ ಅನಿರೀಕ್ಷಿತವಾಗಿ ಉಲ್ಬಣಿಸಿದರೆ 55ನೇ ಕಲಮಿನಡಿ ಮರುಪರಿಶೀಲನೆ ಕೇಳಬಹುದು. ಅಂತಿಮ ಅಂಕಿಗೆ 5 ವರ್ಷ, ತಾತ್ಕಾಲಿಕ ಅಂಕಿಗೆ 6 ತಿಂಗಳು ಆಗುವ ಮುಂಚೆ ಕೇಳಬೇಕಾದರೆ ಟ್ರಿಬ್ಯೂನಲ್ಲಿನ ಅನುಮತಿ ಬೇಕು. ಹೆಚ್ಚಾದ ದರ ಅರ್ಜಿ ಹಾಕಿದ ದಿನದಿಂದ ಮಾತ್ರ ಸಿಗುತ್ತದೆ, ಹಿಂದಿನದು ಸಿಗದು. ನೋವು ನುಂಗಿ ವರ್ಷ ಕಾಯುವುದು ದುಡ್ಡನ್ನೇ ಬಿಟ್ಟುಕೊಟ್ಟ ಹಾಗೆ.

2025ರ ನವೆಂಬರ್ 21ರಿಂದ ಈ ಎರಡೂ ಕಾಯ್ದೆಗಳ ಬದಲಿಗೆ ಸಾಮಾಜಿಕ ಭದ್ರತಾ ಸಂಹಿತೆ ಜಾರಿಯಾಗಿದೆ, ಮೆಡಿಕಲ್ ಬೋರ್ಡು ಅದರಲ್ಲೂ ಉಳಿದಿದೆ. ಅದಕ್ಕೂ ಮುಂಚಿನ ಅಪಘಾತಗಳ ಹಕ್ಕು ಹಳೆಯ ಕಾಯ್ದೆಯದೇ ಆದ್ದರಿಂದ ಇಲ್ಲಿ ಹಳೆಯ ಕಲಂ ಸಂಖ್ಯೆಗಳನ್ನೇ ಬರೆದಿದ್ದೇವೆ. ನಂತರದ ಅಪಘಾತವಾದರೆ ಅರ್ಜಿಯಲ್ಲಿ ಸಂಹಿತೆಯ ಕಲಂಗಳನ್ನು ನೋಡಿ ಹಾಕಬೇಕು.

ನಮ್ಮ ಬೇಡಿಕೆ ಒಂದೇ: ಬೋರ್ಡು ತನ್ನ ಅಂಕಿಗೆ ಕಾರಣ ಬರೆಯಬೇಕು. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ ಕಾರ್ಮಿಕ ಪರಿಹಾರದ ವೈದ್ಯಕೀಯ ಪ್ರಶ್ನೆಗಳು ಮೆಡಿಕಲ್ ಪ್ಯಾನೆಲ್ಲಿಗೆ ಹೋಗುತ್ತವೆ. ಅದರ ಅಭಿಪ್ರಾಯದ ಮೇಲೆ ಅಪೀಲು ಇಲ್ಲ, ಕೋರ್ಟು ಕಾನೂನಿನ ತಪ್ಪನ್ನಷ್ಟೇ ನೋಡುತ್ತದೆ. ಹಾಗಿದ್ದೂ, ಪ್ಯಾನೆಲ್ ಯಾವ ಯೋಚನೆಯ ದಾರಿಯಲ್ಲಿ ನಡೆದು ಆ ಅಭಿಪ್ರಾಯಕ್ಕೆ ಬಂತೋ ಆ ದಾರಿಯನ್ನು, ತಪ್ಪಿದೆಯೇ ಎಂದು ಕೋರ್ಟಿಗೆ ಕಾಣುವಷ್ಟು ವಿವರವಾಗಿ ಬರೆಯಲೇಬೇಕು ಎಂದು 2013ರ ವಿಂಗ್‌ಫುಟ್ ಪ್ರಕರಣದಲ್ಲಿ ಆ ದೇಶದ ಅತ್ಯುನ್ನತ ನ್ಯಾಯಾಲಯ ಹೇಳಿದೆ. ನಮ್ಮಲ್ಲಿ ಪೂರ್ತಿ ಅಪೀಲಿನ ಹಕ್ಕಿದೆ, ಆದರೆ ಕಾರಣವಿಲ್ಲದ ಅಂಕಿಯ ಮೇಲೆ ಅಪೀಲು ಬರೆಯುವುದಾದರೂ ಹೇಗೆ? ಅರೆನ್ಯಾಯಿಕ ತೀರ್ಮಾನಕ್ಕೆ ಕಾರಣ ಕೊಡಬೇಕೆಂದು 1990ರ ಎಸ್.ಎನ್. ಮುಖರ್ಜಿ ತೀರ್ಪು ಇದೆ. ಬರೆಯದ ಕಾರಣವನ್ನು ಆಮೇಲೆ ಅಫಿಡವಿಟ್ಟಿನಲ್ಲಿ ತುಂಬುವಂತಿಲ್ಲ ಎಂದು 1977ರ ಮೋಹಿಂದರ್ ಸಿಂಗ್ ಗಿಲ್ ತೀರ್ಪು ಇದೆ. ವರದಿಯ ಫಾರಮ್ಮಿನಲ್ಲಿ ಐದು ಖಾನೆ ಸೇರಿಸಿದರೆ ಸಾಕು: ನಿಜವಾಗಿ ಮಾಡುತ್ತಿದ್ದ ಕೆಲಸ, ರೂಢಿಯ ಕೈ, ಹಿಡಿತದ ಮತ್ತು ಗೆಣ್ಣುಗಳ ಅಳತೆ, ಅನುಸೂಚಿಯ ಯಾವ ಕ್ರಮಾಂಕ, ಅದಕ್ಕಿಂತ ಹೆಚ್ಚು ಏಕೆ ಕೊಟ್ಟಿತು ಅಥವಾ ಏಕೆ ಕೊಡಲಿಲ್ಲ. ಬರೆಯಲು ಐದು ನಿಮಿಷ ಹಿಡಿಯದು. ಈ ಬದಲಾವಣೆಗಾಗಿ ಪುಣೆ, ಮುಂಬಯಿ, ಗೋವೆಯ ಕನ್ನಡ ಸಂಘಗಳೂ ಕಾರ್ಮಿಕ ಸಂಘಗಳೂ ನಿಗಮಕ್ಕೆ ಬರೆಯಬೇಕೆಂದು ಕೋರುತ್ತೇವೆ.

ಊರಿಗೆ ಮರಳಿದವರಿಗೆ ಇನ್ನೊಂದು ಮಾತು. ಇಎಸ್‌ಐ ವ್ಯಾಪ್ತಿಯಲ್ಲಿ ಇಲ್ಲದವರು 1923ರ ಕಾಯ್ದೆಯ ದಾವೆಯನ್ನು 21ನೇ ಕಲಮಿನ ಪ್ರಕಾರ ತಾವು ವಾಸಿಸುವ ಊರಿನ ಕಮಿಷನರರ ಮುಂದೆ, ಅಂದರೆ ಕಲಬುರಗಿಯಲ್ಲೇ ಹಾಕಬಹುದು. ಇಎಸ್‌ಐ ಅಪೀಲಿಗೆ ಆ ಅನುಕೂಲ ಇಲ್ಲ. 76ನೇ ಕಲಮಿನಂತೆ ಪ್ರಶ್ನೆ ಎದ್ದಾಗ ಕೆಲಸ ಮಾಡುತ್ತಿದ್ದ ಪ್ರದೇಶದ ವಿಮಾ ನ್ಯಾಯಾಲಯಕ್ಕೇ ಹೋಗಬೇಕು. ಹೈಕೋರ್ಟಿನ ಮಟ್ಟದಲ್ಲಿ ಸೊಲ್ಲಾಪುರ, ಸಾಂಗಲಿಯವರಿಗೆ 2025ರ ಆಗಸ್ಟ್ 18ರಿಂದ ಕೊಲ್ಹಾಪುರ ಪೀಠ ಹತ್ತಿರವಾಗಿದೆ, ಪುಣೆಯವರು ಈಗಲೂ ಮುಂಬಯಿಗೇ ಹೋಗಬೇಕು. ಆದ್ದರಿಂದ ಪುಣೆ ಬಿಡುವ ಮುಂಚೆಯೇ ಅಪೀಲಿನ ಅರ್ಜಿಗೂ ವಕಾಲತ್ತಿಗೂ ಸಹಿ ಹಾಕಿ, ಡಾಕ್ಟರಿಂದ ಅಳತೆಯ ವರದಿ ಪಡೆದು, ಮೂಲ ಕಾಗದಗಳನ್ನು ನಿಮ್ಮ ಬಳಿಯೇ ಇಟ್ಟುಕೊಂಡು ನಕಲುಗಳನ್ನಷ್ಟೇ ವಕೀಲರಿಗೆ ಕೊಟ್ಟು ರೈಲು ಹತ್ತಿ.

— ಕಾರ್ಮಿಕ ಪರಿಹಾರ ಪ್ರಕರಣ ನಡೆಸುವ ಕನ್ನಡಿಗ ವಕೀಲರು
ಪಿಂಪ್ರಿ-ಚಿಂಚವಡ, ಪುಣೆ